19ನೆಯ ಮಹಡಿಯ ಗೋಡೆಯೊಳಗೆ ರಾತ್ರಿಯಿಡೀ ಬಡಿತ: ಟೈಲ್ಸ್ ಒಡೆಸಬೇಕೇ?

ಮಹಡಿ19:
ನಮಸ್ಕಾರ. ಬೆಂಗಳೂರಿನ ಹೊರವಲಯದ ದುಬಾರಿ ಅಪಾರ್ಟ್‌ಮೆಂಟ್ ಒಂದರಲ್ಲಿ ಈಚೆಗೆ ಮನೆ ಸೇರಿದ್ದೇವೆ. ನಾಲ್ಕು ಟವರ್‌ಗಳ ಯೋಜನೆ, ಒಂದೊಂದರಲ್ಲೂ 22 ಮಹಡಿ. ಎರಡು ಟವರ್‌ಗಳಿಗೆ ಓಸಿ (ವಾಸಕ್ಕೆ ಅನುಮತಿ ಪತ್ರ) ಬಂದಿದೆ, ಅರ್ಧದಷ್ಟು ಮನೆಗಳಲ್ಲಿ ಜನ ಇದ್ದಾರೆ. ಮೂರನೆಯದರಲ್ಲಿ ಗಾರೆ ಕೆಲಸ ನಡೆಯುತ್ತಿದೆ, ನಾಲ್ಕನೆಯದು ಹನ್ನೊಂದನೆಯ ಸ್ಲ್ಯಾಬ್‌ವರೆಗೆ ಎದ್ದಿದೆ. ಈಜುಕೊಳವಿದೆ, ಇಟಲಿಯ ಮಾರ್ಬಲ್ ಇದೆ, ಲಿಫ್ಟ್‌ನೊಳಗೆ ವೀಣೆಯ ನಾದವಿದೆ. ನಿದ್ದೆ ಮಾತ್ರ ಇಲ್ಲ.

ಮಲಗುವ ಕೋಣೆಯ ಗೋಡೆಯೊಳಗಿಂದ ‘ಧಡ್’ ಎಂದು ಒಂದೇ ಒಂದು ಏಟು ಕೇಳುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು. ಆ ಗೋಡೆಯ ಹಿಂದೆಯೇ ಪೈಪುಗಳ ಡಕ್ಟ್ ಇದೆ. ಬಿಲ್ಡರ್ ಕಡೆಯ ಇಂಜಿನಿಯರ್ ಬಂದು ನೋಡಿ, ಬಿಸಿನೀರಿನ ಪೈಪು ಹಿಗ್ಗಿ ಕುಗ್ಗುವ ಸದ್ದು, ಬೇಕಿದ್ದರೆ ಸ್ನಾನದ ಮನೆಯ ಟೈಲ್ಸ್ ತೆಗೆದು ಕ್ಲ್ಯಾಂಪ್ ಬಿಗಿ ಮಾಡುತ್ತೇವೆ ಎಂದಿದ್ದಾರೆ. ಒಡೆಸಬಹುದೇ?

ನಲ್ಲಿ ಮೇಸ್ತ್ರಿ:
ಇದು ವಾಟರ್ ಹ್ಯಾಮರ್ ಮೇಡಂ. ಈಗಿನ ನಲ್ಲಿಗಳು ಕಾಲು ಸುತ್ತಿಗೇ ಮುಚ್ಚಿಕೊಳ್ಳುತ್ತವೆ. ಓಡುತ್ತಿದ್ದ ನೀರು ಥಟ್ಟನೆ ನಿಂತಾಗ ಆ ಪೆಟ್ಟು ಪೈಪಿಗೆ ಬೀಳುತ್ತದೆ. ಆ ಪೆಟ್ಟು ನುಂಗುವ ಹ್ಯಾಮರ್ ಅರೆಸ್ಟರ್ ಒಂದನ್ನು ಹಾಕಿಸಿ, ಸರಿಹೋಗುತ್ತದೆ.

ಹಳೇ ಸೈಟು:
ಅರೆಸ್ಟರ್ ಖರೀದಿಸಬೇಡಿ, ಟೈಲ್ಸ್ ಅಂತೂ ಒಡೆಸಲೇಬೇಡಿ. ಬಿಸಿನೀರಿನ ಸಿಪಿವಿಸಿ (ಪ್ಲಾಸ್ಟಿಕ್) ಪೈಪು ಬಿಸಿಗೆ ಹಿಗ್ಗುವುದು ನಿಜ. ಮೂರು ಮೀಟರ್ ಉದ್ದದ ಪೈಪು 30 ಡಿಗ್ರಿ ಬಿಸಿಯೇರಿದರೆ ಸುಮಾರು 6 ಮಿಲಿಮೀಟರ್ ಬೆಳೆಯುತ್ತದೆ. ಆದರೆ ಅದರ ಸದ್ದು ಗೀಸರ್ ಬಳಸಿದ ಮೇಲೆ ಬರುತ್ತದೆ, ಸಣ್ಣಗೆ ಟಿಕ್ ಟಿಕ್ ಎಂದು, ಸ್ವಲ್ಪ ಹೊತ್ತಿಗೆ ಅಡಗುತ್ತದೆ. ಯಾರೂ ನೀರು ಮುಟ್ಟದ ರಾತ್ರಿ ಎರಡು ಗಂಟೆಗೆ ‘ಧಡ್’ ಎನ್ನುವುದಿಲ್ಲ.

ಎರಡು ವಿಷಯ ತಿಳಿಸಿ. ಏಟಿಗೂ ಏಟಿಗೂ ನಡುವಿನ ಅಂತರ ಒಂದೇ ಸಮನಾಗಿದೆಯೇ? ನಿಮಗೆ ನೀರು ಬರುವುದು ತಾರಸಿಯ ಟ್ಯಾಂಕಿನಿಂದಲೋ, ನೆಲಮಾಳಿಗೆಯಿಂದ ಒತ್ತಡದಲ್ಲಿ ನೀರು ಮೇಲಕ್ಕೆ ತಳ್ಳುವ ಹೈಡ್ರೋ ನ್ಯೂಮ್ಯಾಟಿಕ್ ಪಂಪಿನಿಂದಲೋ? ಎರಡನೆಯದಾದರೆ ಒಬ್ಬರನ್ನು ಪಂಪ್ ರೂಮಿನಲ್ಲಿ ನಿಲ್ಲಿಸಿ ಫೋನಿನಲ್ಲಿ ಮಾತಾಡುತ್ತಾ ಕೇಳಿ. ಅಲ್ಲಿನ ಒತ್ತಡದ ಗೇಜು, ಪಂಪಿನ ಪ್ಯಾನೆಲ್, ಪ್ರೆಷರ್ ಟ್ಯಾಂಕಿನ ಮೇಲಿನ ಚೀಟಿ, ಮೂರರ ಫೋಟೊ ಬೇಕು.

ಮಹಡಿ19:
ಪಂಪಿನಿಂದಲೇ. ಎರಡನೆಯ ನೆಲಮಾಳಿಗೆಯಲ್ಲಿದೆ. 10ನೆಯ ಮಹಡಿಯವರೆಗೆ ಒಂದು ಸೆಟ್, ಅದರ ಮೇಲಕ್ಕೆ ಇನ್ನೊಂದು. ಯಜಮಾನರು ಕೆಳಗೆ ನಿಂತಿದ್ದರು, ನಾನು ಗೋಡೆಗೆ ಕಿವಿಯಿಟ್ಟಿದ್ದೆ. ಮೇಲಿನ ಸೆಟ್‌ನ ಪಂಪು ನಿಂತ ಕ್ಷಣಕ್ಕೇ ಏಟು! ಸುಮಾರು ಎಂಟು ನಿಮಿಷಕ್ಕೊಮ್ಮೆ, ಗಡಿಯಾರ ಇಟ್ಟಂತೆ. ಒತ್ತಡ 9 ಬಾರ್‌ಗೆ ಇಳಿದಾಗ ಪ್ಯಾನೆಲ್ ಪಂಪು ಶುರು ಮಾಡಿ 10 ಬಾರ್‌ಗೆ ಏರಿದಾಗ ನಿಲ್ಲಿಸುತ್ತದೆ. ಪಂಪಿನ ವೇಗ ನಿಯಂತ್ರಿಸುವ ವಿಎಫ್‌ಡಿ ಕೆಟ್ಟಿರುವುದರಿಂದ ನೇರ ಸ್ಟಾರ್ಟಿಗೆ ಹಾಕಿದ್ದಾರಂತೆ. ಟ್ಯಾಂಕು 500 ಲೀಟರ್. ಚೀಟಿಯಲ್ಲಿ ‘ಗಾಳಿಯ ಒತ್ತಡ 2 ಬಾರ್’ ಎಂದಿದೆ.

ಹಳೇ ಸೈಟು:
ಆ ಚೀಟಿಯೇ ಅರ್ಧ ಉತ್ತರ. ಟ್ಯಾಂಕಿನೊಳಗೆ ರಬ್ಬರ್ ಚೀಲವಿದೆ. ಚೀಲದ ಒಳಗೆ ನೀರು, ಹೊರಗೆ ಗಾಳಿ. ಸಣ್ಣಪುಟ್ಟ ಬಳಕೆಗೆ ಪಂಪು ಏಳದೆ, ಗಾಳಿಯೇ ನೀರನ್ನು ಮೇಲಕ್ಕೆ ಒತ್ತಬೇಕು. ಕಾರ್ಖಾನೆಯಿಂದ ಕಡಿಮೆ ಗಾಳಿಯೊಂದಿಗೆ ಬಂದ ಟ್ಯಾಂಕಿಗೆ, ಪಂಪು ಶುರುವಾಗುವ ಒತ್ತಡಕ್ಕಿಂತ ತುಸು ಕೆಳಗಿನವರೆಗೆ ಸೈಟಿನಲ್ಲಿ ಗಾಳಿ ತುಂಬಬೇಕು. ನಿಮ್ಮಲ್ಲಿ ಅದು 8.5 ಬಾರ್ ಆಸುಪಾಸು. ಕೀ ಹಸ್ತಾಂತರದ ಗಡಿಬಿಡಿಯಲ್ಲಿ ಬಿಟ್ಟುಹೋಗುವ ಕೆಲಸಗಳಲ್ಲಿ ಇದೂ ಒಂದು. ಮಾರ್ಬಲ್ ಕಾಣುತ್ತದೆ, ಟ್ಯಾಂಕಿನ ಗಾಳಿ ಯಾರಿಗೆ ಕಾಣುತ್ತದೆ?

ಲೆಕ್ಕ ಹಾಕಿ. ಒತ್ತಡ ಹೆಚ್ಚಿದಷ್ಟೂ ಗಾಳಿ ಕುಗ್ಗುತ್ತದೆ ಎನ್ನುವ ಬಾಯ್ಲ್ ನಿಯಮದಲ್ಲಿ ಗೇಜಿನ ಅಂಕಿಗೆ ವಾತಾವರಣದ ಒಂದು ಬಾರ್ ಸೇರಿಸಿಕೊಳ್ಳಬೇಕು. 2 ಬಾರ್ ಗಾಳಿಯಿದ್ದರೆ ಅದು 9ರಲ್ಲಿ ಟ್ಯಾಂಕಿನ ಶೇ 30ರಷ್ಟು ಜಾಗಕ್ಕೆ, 10ರಲ್ಲಿ ಶೇ 27ಕ್ಕೆ ಕುಗ್ಗುತ್ತದೆ. ವ್ಯತ್ಯಾಸ 14 ಲೀಟರ್‌ಗೂ ಕಡಿಮೆ. 500 ಲೀಟರ್ ಟ್ಯಾಂಕಿನಿಂದ ನಿಮಗೆ ದಕ್ಕುತ್ತಿರುವುದು ಒಂದು ಬಕೆಟ್ಟೂ ತುಂಬದಷ್ಟು ನೀರು. 8.5 ತುಂಬಿದರೆ ಅದೇ ಲೆಕ್ಕ ಸುಮಾರು 43 ಲೀಟರ್‌ಗೆ ಬರುತ್ತದೆ. ಪಂಪು ಏಳುವುದು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಏಟು ಬೀಳುವುದು ನೀರು ಹಿಂದಕ್ಕೆ ಬರದಂತೆ ತಡೆಯಲು ಪಂಪಿನ ಮುಂದೆ ಇಟ್ಟ ನಾನ್ ರಿಟರ್ನ್ ವಾಲ್ವ್‌ನಿಂದ. ಪಂಪು ಹಠಾತ್ತನೆ ನಿಂತಾಗ ಮೇಲಿನ ನೀರಿನ ಕಂಬ ಹಿಂದಕ್ಕೆ ಜಾರಿ ವಾಲ್ವ್‌ನ ತಟ್ಟೆಯನ್ನು ಬಡಿಯುತ್ತದೆ. ಆ ಸದ್ದು ಮಹಡಿಗಳಿಗೆ ಏರುವ ರೈಸರ್ ಪೈಪಿನುದ್ದಕ್ಕೂ ಸಾಗಿ, ರಬ್ಬರ್ ಇಲ್ಲದ ಕ್ಲ್ಯಾಂಪ್ ಸಿಕ್ಕ ಕಡೆ ಗೋಡೆಗೆ ಇಳಿಯುತ್ತದೆ. ವಿಎಫ್‌ಡಿ ಇದ್ದಿದ್ದರೆ ಪಂಪು ನಿಧಾನವಾಗಿ ನಿಲ್ಲುತ್ತಿತ್ತು.

ಆದರೆ ನನ್ನನ್ನು ಕಾಡುತ್ತಿರುವುದು ಸದ್ದಲ್ಲ, ಎಂಟು ನಿಮಿಷ. ಎಲ್ಲರೂ ಮಲಗಿದ ಮೇಲೂ ಎಂಟು ನಿಮಿಷಕ್ಕೆ 13–14 ಲೀಟರ್ ಎಲ್ಲಿಗೋ ಹೋಗುತ್ತಿದೆ. ದಿನಕ್ಕೆ ಹಿಡಿದರೆ 2,400 ಲೀಟರ್ ಆಸುಪಾಸು.

ದುಬೈ ಕನ್ನಡಿಗ:
ಬೀಗ ಹಾಕಿದ ಮನೆಗಳ ಫ್ಲಶ್ ಟ್ಯಾಂಕ್ ನೋಡಿಸಿ. ನಮ್ಮದೊಂದು ಫ್ಲ್ಯಾಟ್ ಇಂದಿರಾನಗರದಲ್ಲಿ ಬೀಗ ಹಾಕಿಕೊಂಡಿದೆ, ಅಲ್ಲಿ ಇದೇ ಕಥೆಯಾಗಿತ್ತು.

ಮಹಡಿ19:
ನಮ್ಮಲ್ಲಿ ಫ್ಲಶ್‌ಗೆ ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧೀಕರಣ ಘಟಕ) ಸಂಸ್ಕರಿಸಿದ ನೀರು, ಅದರ ಲೈನೂ ಪಂಪೂ ಬೇರೆ. ಫ್ಲಶ್ ಸೋರಿದರೆ ಅಡುಗೆಮನೆ ನೀರಿನ ಪಂಪು ಏಕೆ ಏಳಬೇಕು?

ಹಳೇ ಸೈಟು:
ಸರಿಯಾದ ಪ್ರಶ್ನೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿವಾಸಿಗಳಿಗೆ ತಿಳಿಸಿ, ರಾತ್ರಿ ಹತ್ತು ನಿಮಿಷದ ಪರೀಕ್ಷೆ ಮಾಡಿ. ಗೇಜು 10ಕ್ಕೆ ಬಂದಾಗ ಪಂಪನ್ನು ಆಫ್ ಮಾಡಿ, ಟವರ್‌ಗಳಿಗೆ ಏರುವ ವಾಲ್ವ್‌ಗಳನ್ನೆಲ್ಲ ಮುಚ್ಚಿ. ಮುಳ್ಳು ನಿಂತರೆ ಸೋರಿಕೆ ಮೇಲಿದೆ: ಹೆಲ್ತ್ ಫಾಸೆಟ್, ಆ್ಯಂಗಲ್ ಕಾಕ್, ಒಳಾಂಗಣ ಕೆಲಸ ನಡೆಯುತ್ತಿರುವ ಮನೆ. ಆಗ ವಾಲ್ವ್‌ಗಳನ್ನು ಒಂದೊಂದಾಗಿ ತೆರೆದು ಯಾವ ಡಕ್ಟ್ ಎಂದು ಹಿಡಿಯಬಹುದು. ಮುಳ್ಳು ಆಗಲೂ ಇಳಿಯುತ್ತಿದ್ದರೆ ಪಂಪಿನ ಡೆಲಿವರಿ ವಾಲ್ವ್ ಕೂಡ ಮುಚ್ಚಿ. ಈಗ ನಿಂತರೆ ನಾನ್ ರಿಟರ್ನ್ ವಾಲ್ವ್ ಹಿಂದಕ್ಕೆ ನೆಲದಡಿಯ ಸಂಪ್ ತೊಟ್ಟಿಗೆ ಸೋರುತ್ತಿದೆ ಎಂದರ್ಥ. ಅದಕ್ಕೂ ನಿಲ್ಲದಿದ್ದರೆ ನನಗೆ ಹೇಳಿ.

ಮಹಡಿ19:
ನಿಲ್ಲಲಿಲ್ಲ. ಮೇಲಿನ ವಾಲ್ವ್‌ಗಳೂ ಬಂದ್, ಪಂಪಿನ ವಾಲ್ವೂ ಬಂದ್, ನೆಲವೆಲ್ಲ ಒಣಗಿದೆ. ಆದರೂ ಮುಳ್ಳು ಇಳಿಯುತ್ತಲೇ ಇದೆ. ಸೂಪರ್‌ವೈಸರ್ ಗೇಜು ಕೆಟ್ಟಿದೆ ಎನ್ನುತ್ತಿದ್ದಾರೆ.

ಹಳೇ ಸೈಟು:
ಗೇಜು ಕೆಟ್ಟಿಲ್ಲ. ಪಂಪುಗಳ ನೀರೆಲ್ಲ ಸೇರುವ ದಪ್ಪ ಪೈಪಿನಿಂದ (ಹೆಡರ್) ಇನ್ನೊಂದು ಪೈಪು ಹೊರಟಿದೆ, ಅದು ನಿಮಗೆ ಕೊಟ್ಟ ನಕ್ಷೆಯಲ್ಲಿ ಇರಲಾರದು. ಪ್ಯಾನೆಲ್‌ನ ಹಿಂದೆ, ಗೋಡೆಯ ಮೂಲೆಯಲ್ಲಿ, ಫ್ಲಶ್ ಪಂಪಿನ ಹೆಡರ್ ಕಡೆಗೆ ಹೋಗುವ ಪೈಪೇನಾದರೂ ಇದೆಯೇ, ಟಾರ್ಚ್ ಹಾಕಿ ನೋಡಿ.

ಮಹಡಿ19:
ಇದೆ! ಒಂದಿಂಚಿನ ಪೈಪು, ನಡುವೆ ಒಂದು ಬಾಲ್ ವಾಲ್ವ್, ಅದರ ಹಿಡಿ ಅರ್ಧ ತಿರುಗಿದೆ. ಬಿಡದೆ ಕೇಳಿದ ಮೇಲೆ ಸೂಪರ್‌ವೈಸರ್ ಬಾಯಿಬಿಟ್ಟರು. ಜನ ಕಡಿಮೆ ಇರುವುದರಿಂದ ಎಸ್‌ಟಿಪಿಗೆ ಸಾಕಷ್ಟು ಕೊಳಚೆ ನೀರು ಬರುವುದಿಲ್ಲ. ಸಂಸ್ಕರಿಸಿದ ಅಷ್ಟಿಷ್ಟು ನೀರೂ ನಾಲ್ಕನೆಯ ಟವರ್‌ನ ಹೊಸ ಕಾಂಕ್ರೀಟಿಗೆ ನೀರುಣಿಸುವ ಕ್ಯೂರಿಂಗ್‌ಗೆ ಹೋಗುತ್ತದೆ. ಫ್ಲಶ್‌ಗೆ ನೀರು ಸಾಲದೆ ಜನ ಕೂಗಾಡಿದಾಗ ತಾಜಾ ನೀರಿನ ಲೈನಿನಿಂದ ‘ತಾತ್ಕಾಲಿಕವಾಗಿ’ ಕೊಟ್ಟಿದ್ದಾರಂತೆ. ಅಂತೂ ಯಾರದೋ ಫ್ಲಶ್ ಸೋರಿಕೆಯೇ ನನ್ನ ನಿದ್ದೆ ಕೆಡಿಸಿದ್ದು. ದುಬೈನವರು ಹೇಳಿದ್ದೇ ಸರಿಯಾಯಿತು.

ಹಳೇ ಸೈಟು:
ಮೇಡಂ, ಸದ್ದಿನ ವಿಚಾರ ಸದ್ಯ ಬದಿಗಿಡಿ. ಆ ವಾಲ್ವನ್ನು ಈ ಕ್ಷಣವೇ ಮುಚ್ಚಿಸಿ, ಪೈಪು ಕತ್ತರಿಸಿ ಎರಡೂ ತುದಿಗೆ ಬಿರಡೆ ಹಾಕಿಸಿ. ಬರೀ ಮುಚ್ಚಿ ಹಿಡಿ ಕಳಚಿಟ್ಟರೆ ಸಾಲದು.

ಬಾಲ್ ವಾಲ್ವ್‌ಗೆ ದಿಕ್ಕು ಗೊತ್ತಿಲ್ಲ. ಒತ್ತಡ ಎಲ್ಲಿ ಹೆಚ್ಚೋ ಅಲ್ಲಿಂದ ಕಡಿಮೆ ಇರುವ ಕಡೆಗೆ ನೀರು ಹರಿಯುತ್ತದೆ. ಇಷ್ಟು ದಿನ ತಾಜಾ ನೀರಿನ ಒತ್ತಡ ಹೆಚ್ಚಿದ್ದರಿಂದ ಅದು ಫ್ಲಶ್ ಕಡೆಗೆ ಹೋಗಿದೆ. ತಾಜಾ ನೀರಿನ ಪಂಪು ಟ್ರಿಪ್ ಆಗಿ, ಫ್ಲಶ್ ಪಂಪು ಮಾತ್ರ ಓಡುತ್ತಿದ್ದರೆ ಎಸ್‌ಟಿಪಿ ನೀರು ನಿಮ್ಮ ಅಡುಗೆಮನೆಯ ನಲ್ಲಿಗೆ ಬರುತ್ತದೆ. ಕುಡಿಯುವ ನೀರಿನ ಲೈನಿಗೆ ಇಂಥ ನೇರ ಜೋಡಣೆಯನ್ನು ರಾಷ್ಟ್ರೀಯ ಕಟ್ಟಡ ಸಂಹಿತೆ ನಿಷೇಧಿಸುತ್ತದೆ.

ನೀರಿನ ಮಾದರಿ ಲ್ಯಾಬಿಗೆ ಕೊಡಿ. ಪಂಪ್ ರೂಮಿನದು ಒಂದು, ಅತಿ ಮೇಲಿನ ಮನೆಯದು ಒಂದು, ಕೆಳಗಿನದು ಒಂದು. ಮಲದ ಸೋಂಕು ತೋರಿಸುವ ಇ. ಕೋಲಿ ಬ್ಯಾಕ್ಟೀರಿಯಾದ ಪರೀಕ್ಷೆ ಕಡ್ಡಾಯವಾಗಿ ಬರೆಸಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಅದು ಒಂದೂ ಕಾಣಬಾರದು. ವರದಿ ಬರುವವರೆಗೆ ಕುಡಿಯಲು, ಅಡುಗೆಗೆ, ಹಲ್ಲುಜ್ಜಲು ಕುದಿಸಿ ಆರಿಸಿದ ನೀರು.

ನಲ್ಲಿ ಮೇಸ್ತ್ರಿ:
ಲ್ಯಾಬ್ ಏಕೆ ಸರ್, ಟಿಡಿಎಸ್ ಮೀಟರ್ ಹಾಕಿ ನೋಡಿದರೆ ಗೊತ್ತಾಗುವುದಿಲ್ಲವೇ?

ಹಳೇ ಸೈಟು:
ಕಾವೇರಿ ನೀರಾಗಿದ್ದರೆ ವ್ಯತ್ಯಾಸ ಕಾಣುತ್ತಿತ್ತೇನೋ. ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಬೆರೆಸುವ ಕಡೆ ಟಿಡಿಎಸ್ ದಿನಕ್ಕೊಂದು ಬಗೆ, ಅದನ್ನು ನಂಬಿ ಕೂರುವಂತಿಲ್ಲ. ಜೊತೆಗೆ ಟಿಡಿಎಸ್ ಹೇಳುವುದು ಕರಗಿದ ಲವಣದ ಮಾತನ್ನು, ರೋಗಾಣುವಿನದ್ದಲ್ಲ.

ಮಹಡಿ19:
ನಮ್ಮದು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರೇ. ಕಾವೇರಿ ಐದನೇ ಹಂತದ ಸಂಪರ್ಕಕ್ಕೆ ಅರ್ಜಿ ಹಾಕಿದ್ದಾರೆ, ಇನ್ನೂ ಬಂದಿಲ್ಲ. ಒಂದು ಸಂದೇಹ: ಕ್ಯೂರಿಂಗ್‌ಗೆ ಎಸ್‌ಟಿಪಿ ನೀರು ಕೊಡಲೇಬೇಕು, ಅದು ಸರ್ಕಾರದ ನಿಯಮ ಎನ್ನುತ್ತಾರೆ ಬಿಲ್ಡರ್ ಕಡೆಯವರು. ಹೌದೇ?

ಕಡತದವರು:
ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿದ್ದು 2024ರ ಮಾರ್ಚ್‌ನಲ್ಲಿ, ಬರಗಾಲದ ಹೊತ್ತಿನಲ್ಲಿ. ಸಂಸ್ಕರಿಸಿದ ನೀರನ್ನು ಕಟ್ಟಡಕ್ಕೆ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಆ ಕೊರತೆ ತುಂಬಲು ಒಳ್ಳೆಯ ನೀರನ್ನು ಫ್ಲಶ್‌ಗೆ ಸುರಿದರೆ ಉಳಿದದ್ದೇನು? ಕೊಟ್ಟಂತೆ ಮಾಡಿ ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗಾಯಿತು. ಅದರ ಟ್ಯಾಂಕರ್ ಬಿಲ್ಲು ಬಿಲ್ಡರ್ ಖಾತೆಗೋ, ನಿಮ್ಮ ನಿರ್ವಹಣಾ ಶುಲ್ಕಕ್ಕೋ ಎಂದು ಲೆಕ್ಕ ತೆಗೆಸಿ ನೋಡಿ.

ರಿಪೇರಿಯ ಖರ್ಚನ್ನು ನಿವಾಸಿಗಳ ತಲೆಗೆ ಕಟ್ಟಲು ಬಿಡಬೇಡಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ನೇ ಕಲಮಿನ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಗಮನಕ್ಕೆ ತಂದ ದೋಷಗಳನ್ನು ಬಿಲ್ಡರ್ 30 ದಿನದೊಳಗೆ ಹೆಚ್ಚುವರಿ ಹಣ ಪಡೆಯದೆ ಸರಿಪಡಿಸಬೇಕು. ಕಟ್ಟಡದ ಬಿರುಕಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಕಾಮಗಾರಿಯ ಗುಣಮಟ್ಟ, ಸೇವೆಗಳು ಎಂದೂ ಆ ಕಲಮಿನಲ್ಲೇ ಇದೆ. ವಾಟ್ಸ್ಆ್ಯಪ್ ಸಂದೇಶ ಸಾಲದು. ಫೋಟೊ, ಗೇಜಿನ ಅಂಕಿ, ಪರೀಕ್ಷೆ ಮಾಡಿದ ದಿನ ಸೇರಿಸಿ ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಒಂದು ಪ್ರತಿ ಕಳಿಸಿ.

ಹಳೇ ಸೈಟು:
ಆ ಪತ್ರದಲ್ಲಿ ಇವನ್ನೂ ಕೇಳಿ. ಫ್ಲಶ್‌ಗೆ ನೀರು ಕಡಿಮೆ ಬಿದ್ದರೆ ತಾಜಾ ನೀರು ಕೊಡುವುದಕ್ಕೆ ಸರಿಯಾದ ದಾರಿಯಿದೆ: ಫ್ಲಶ್ ನೀರಿನ ತೊಟ್ಟಿಗೆ ಮೇಲಿನಿಂದ ಸುರಿಯಬೇಕು, ಪೈಪಿನ ಬಾಯಿಗೂ ತೊಟ್ಟಿಯ ತುಂಬು ಮಟ್ಟಕ್ಕೂ ನಡುವೆ ಪೈಪಿನ ವ್ಯಾಸದ ಎರಡರಷ್ಟಾದರೂ ಬರಿ ಗಾಳಿ ಇರಬೇಕು. ಆ ಅಂತರವನ್ನು ಕೊಳಕು ನೀರು ದಾಟಲಾರದು. ಅಲ್ಲಿಗೊಂದು ಮೀಟರ್ ಕೂಡ ಹಾಕಿಸಿ, ಎಷ್ಟು ಹೋಗುತ್ತಿದೆ ಎಂದು ತಿಳಿಯಲಿ.

ಎಸ್‌ಟಿಪಿಯನ್ನು ನಾಲ್ಕೂ ಟವರ್‌ಗಳ ಲೆಕ್ಕಕ್ಕೆ ಕಟ್ಟಿದ್ದಾರೆ, ಬರುತ್ತಿರುವ ಕೊಳಚೆ ಕಾಲುಭಾಗದ್ದು. ಅದರೊಳಗಿನ ಸೂಕ್ಷ್ಮಜೀವಿಗಳಿಗೆ ಆಹಾರ ಸಾಲದಿದ್ದರೆ ಸಂಸ್ಕರಣೆಯೇ ಹದಗೆಡುತ್ತದೆ. ತೊಟ್ಟಿಗಳನ್ನು ಎರಡು ಭಾಗವಾಗಿ ಕಟ್ಟಿದ್ದರೆ ಉಳಿದ ಟವರ್‌ಗಳು ತುಂಬುವವರೆಗೆ ಒಂದನ್ನೇ ಓಡಿಸಲಿ.

ಟ್ಯಾಂಕಿಗೆ ಗಾಳಿ ತುಂಬುವಾಗ ನೀವು ಅಲ್ಲೇ ನಿಂತಿರಿ. ಮೊದಲು ಟ್ಯಾಂಕನ್ನು ಲೈನಿನಿಂದ ಬೇರ್ಪಡಿಸಿ ನೀರೆಲ್ಲ ಬಸಿಯಬೇಕು, ನೀರಿರುವಾಗ ಅಳೆದ ಅಂಕಿಗೆ ಬೆಲೆಯಿಲ್ಲ. ಗಾಳಿಯ ಮೂತಿ ಒತ್ತಿದಾಗ ನೀರು ಚಿಮ್ಮಿದರೆ ಚೀಲ ಹರಿದಿದೆ, ಬದಲಿಸಬೇಕು. ಕಾರಿನ ಟೈರಿಗೆ ಹಾಕುವ ಪಂಪು ಇಲ್ಲಿ ಸಾಲದು, ರೆಗ್ಯುಲೇಟರ್ ಇರುವ ನೈಟ್ರೋಜನ್ ಸಿಲಿಂಡರ್ ಬೇಕು. ಟ್ಯಾಂಕಿನ ಮೇಲೆ ಗರಿಷ್ಠ ಒತ್ತಡ ಎಷ್ಟೆಂದು ಬರೆದಿರುತ್ತದೆ, ಅದನ್ನು ಓದದೆ ತುಂಬಬಾರದು. ನಿಮ್ಮಂಥ ಲೈನಿಗೆ 16 ಬಾರ್‌ನದು ಇರುತ್ತದೆ, ಆದರೂ ಓದಿ.

ಮಹಡಿ19:
ಸುದ್ದಿ ತಿಳಿಸುತ್ತೇನೆ. ಪೈಪು ಕತ್ತರಿಸಿ ಬಿರಡೆ ಹಾಕಿದರು. ಲ್ಯಾಬ್ ವರದಿಯಲ್ಲಿ ಪಂಪ್ ರೂಮಿನ ಮಾದರಿ, ಕೆಳಗಿನ ಮನೆಯ ಮಾದರಿ ಚೆನ್ನಾಗಿವೆ. ಅತಿ ಮೇಲಿನ ಮನೆಯದರಲ್ಲಿ ಇ. ಕೋಲಿ ಇಲ್ಲ, ಆದರೆ ಬೇರೆ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಕಂಡಿದೆ. ಲೈನಿಗೆ ಕ್ಲೋರಿನ್ ಹಾಕಿ ತೊಳೆಸಿ ಮತ್ತೆ ಮಾದರಿ ಕೊಟ್ಟಿದ್ದೇವೆ. ಟ್ಯಾಂಕಿನಲ್ಲಿ ಗಾಳಿ 2 ಬಾರ್‌ಗಿಂತಲೂ ಕೆಳಗಿತ್ತು, ಚೀಲ ಹರಿದಿರಲಿಲ್ಲ. ನೈಟ್ರೋಜನ್ ತುಂಬಿದ್ದಾರೆ. ವಿಎಫ್‌ಡಿಯ ಬಿಡಿಭಾಗ ಬರಬೇಕಿದೆ. ರಾತ್ರಿ ಬಡಿತ ಈಗ ನಿಂತಿದೆ, ಬೆಳಗ್ಗೆ ಎಲ್ಲರೂ ಎದ್ದ ಮೇಲೆ ಆಗೊಮ್ಮೆ ಈಗೊಮ್ಮೆ ಕೇಳುತ್ತದೆ.

ಫ್ಲಶ್‌ಗೆ ಮತ್ತೆ ನೀರು ಸಾಲದೆ ಗುಂಪಿನಲ್ಲಿ ನನ್ನನ್ನೇ ಬೈಯುತ್ತಿದ್ದಾರೆ. ತೊಟ್ಟಿಗೆ ಮೇಲಿನಿಂದ ಪೈಪು ಹಾಕಲು ಬಿಲ್ಡರ್ ಒಪ್ಪಿದ್ದಾರೆ, ಬರವಣಿಗೆಯಲ್ಲಿ ಇನ್ನೂ ಕೊಟ್ಟಿಲ್ಲ.

ಹಳೇ ಸೈಟು:
ಬೈಯುವವರಿಗೆ ಆ ಲ್ಯಾಬ್ ವರದಿಯನ್ನು ಕಳಿಸಿ. ಮರುಪರೀಕ್ಷೆಯ ಫಲಿತಾಂಶ ಬರುವವರೆಗೆ ಕುದಿಸುವುದನ್ನು ಬಿಡಬೇಡಿ. ಬೆಳಗಿನ ಏಟಿಗೆ ವಿಎಫ್‌ಡಿ ಬಂದ ಮೇಲೂ ಪರಿಹಾರ ಸಿಗದಿದ್ದರೆ, ನಾನ್ ರಿಟರ್ನ್ ವಾಲ್ವ್ ಬದಲಿಸಿ ಸ್ಪ್ರಿಂಗ್ ಇರುವ ಸದ್ದಿಲ್ಲದ ಬಗೆಯದನ್ನು ಹಾಕಿಸಿ.

ಮೂರನೇ ಟವರ್:
ನಮಗೆ ಇದೇ ಯೋಜನೆಯ ಮೂರನೆಯ ಟವರ್‌ನಲ್ಲಿ ಮನೆ ಬುಕ್ ಆಗಿದೆ. ಕೀ ಪಡೆಯುವ ಮೊದಲು ಏನು ಕೇಳಬೇಕು?

ಹಳೇ ಸೈಟು:
ಪಂಪು, ಟ್ಯಾಂಕುಗಳ ಕಮಿಷನಿಂಗ್ (ಪರೀಕ್ಷಿಸಿ ಚಾಲೂ ಮಾಡಿದ) ದಾಖಲೆ, ಪೈಪುಗಳ ಒತ್ತಡ ಪರೀಕ್ಷೆಯ ವರದಿ, ಕಟ್ಟಿದ ಮೇಲೆ ಬರೆದ ನಕ್ಷೆ. ನಕ್ಷೆ ಹಿಡಿದು ಪಂಪ್ ರೂಮಿಗೆ ಇಳಿದು, ಪೈಪು ಒಂದೊಂದನ್ನೂ ಬೆರಳಿಟ್ಟು ತೋರಿಸಲು ಹೇಳಿ. ‘ಇದು ತಾತ್ಕಾಲಿಕ’ ಎಂದ ಪ್ರತಿಯೊಂದಕ್ಕೂ ತೆಗೆಯುವ ತಾರೀಖನ್ನು ಪಕ್ಕದಲ್ಲಿ ಬರೆಸಿ, ಸಹಿ ಹಾಕಿಸಿಕೊಳ್ಳಿ.