ತಮ್ಮನನ್ನು ಯಾಂಗೂನ್‌ಗೆ ಕಳಿಸಬಹುದಾ? ಅಲ್ಲಿದ್ದವರು ಹೇಳಿ

ಪ್ರಶ್ನೆ: ಬೇಳೆಕಾಳು ಆಮದು ಮಾಡುವ ಕಂಪನಿಯೊಂದು ನನ್ನ ತಮ್ಮನಿಗೆ ಮ್ಯಾನ್ಮಾರ್‌ನ ಯಾಂಗೂನ್‌ನಲ್ಲಿ ಕೆಲಸ ಕೊಡುತ್ತಿದೆ. ಅರ್ಧ ಸಂಬಳ ಅಲ್ಲಿನ ಹಣವಾದ ಕ್ಯಾಟ್‌ನಲ್ಲಂತೆ. 2021ರ ಸೇನಾ ದಂಗೆಯ ನಂತರದ ಪರಿಸ್ಥಿತಿ ಕಂಡವರು ಹೇಳಿ.

ಮೊದಲ ಉತ್ತರ: ದಂಗೆ ಆದಾಗ ನಾನು ಅಲ್ಲೇ ಇದ್ದೆ. ಫೆಬ್ರವರಿ 1, ಸೋಮವಾರ. ಹೊಸ ಸಂಸತ್ತು ಸೇರಬೇಕಿದ್ದ ದಿನ ಅದು. ಚುನಾವಣೆ ಗೆದ್ದಿದ್ದ ಆಂಗ್ ಸಾನ್ ಸೂ ಕಿ ಅವರನ್ನು ಬೆಳಗಾಗುವ ಮುಂಚೆಯೇ ಬಂಧಿಸಿದ್ದರು. ಫೋನು, ಇಂಟರ್ನೆಟ್ ಎರಡೂ ಇಲ್ಲ.

ಎಲ್ಲರೂ ಗುಂಡಿನ ಬಗ್ಗೆ ಕೇಳುತ್ತಾರೆ. ಭಯ ಇದ್ದದ್ದು ನಿಜ, ಆದರೆ ದಿನವೂ ಕಾಡಿದ್ದು ದುಡ್ಡು. ಡಾಕ್ಟರು, ಮೇಷ್ಟ್ರು, ರೈಲ್ವೆಯವರ ಜೊತೆ ಬ್ಯಾಂಕ್ ನೌಕರರೂ ಸೇನೆಯ ವಿರುದ್ಧ ಕೆಲಸ ನಿಲ್ಲಿಸಿದರು. ಅವರ ಧೈರ್ಯ ನೆನೆದರೆ ಈಗಲೂ ಗೌರವ ಬರುತ್ತದೆ. ಬ್ಯಾಂಕುಗಳು ಮುಚ್ಚಿದವು, ಎಟಿಎಂ ಮುಂದೆ ಕತ್ತಲಿರುವಾಗಲೇ ಸಾಲು. ತೆಗೆಯಲು ಮಿತಿ ಬೇರೆ. ಖಾತೆಯಲ್ಲಿದ್ದ ಹಣ ನೋಟಾಗಿ ಕೈಗೆ ಸಿಗಬೇಕಾದರೆ ದಲ್ಲಾಳಿಗೆ ಕಮಿಷನ್ ಕೊಡಬೇಕಿತ್ತು! ಆ ವರ್ಷ ದೇಶದ ಆರ್ಥಿಕತೆ ಸುಮಾರು ಶೇ 18ರಷ್ಟು ಕುಗ್ಗಿತು ಎಂದು ವಿಶ್ವಬ್ಯಾಂಕ್ ಅಂದಾಜು ಮಾಡಿತು. ಕೋವಿಡ್ ಕೂಡ ಸೇರಿತ್ತು ಅನ್ನಿ.

ದಂಗೆಗೆ ಮುಂಚೆ ಡಾಲರ್‌ಗೆ ಸುಮಾರು 1,330 ಕ್ಯಾಟ್ ಇತ್ತು. 2024ರಲ್ಲಿ ಬ್ಯಾಂಕಿನ ಹೊರಗಿನ ಮಾರುಕಟ್ಟೆಯಲ್ಲಿ 4,000 ದಾಟಿತು. ಕ್ಯಾಟ್‌ನಲ್ಲಿ ಸಂಬಳ ಒಪ್ಪಲೇಬೇಡಿ. ಪೂರ್ತಿ ಸಂಬಳ ಊರಿನ ಖಾತೆಗೆ ರೂಪಾಯಿಯಲ್ಲೇ ಬರಲಿ.

ಎರಡನೇ ಉತ್ತರ: ನಾನು ಉದ್ದು, ತೊಗರಿ ವ್ಯಾಪಾರಿ. ನಮ್ಮ ದೇಶ ಹೊರಗಿನಿಂದ ತರಿಸುವ ಉದ್ದಿನಲ್ಲಿ ಹೆಚ್ಚಿನದು ಮ್ಯಾನ್ಮಾರ್‌ನದು. ಅದಕ್ಕೇ ದಂಗೆಯ ನಂತರವೂ ಈ ವ್ಯಾಪಾರ ನಿಲ್ಲಲಿಲ್ಲ. ಆದರೆ 2022ರ ಏಪ್ರಿಲ್‌ನಲ್ಲಿ ಅಲ್ಲಿನ ಸೆಂಟ್ರಲ್ ಬ್ಯಾಂಕ್, ಬಂದ ಡಾಲರನ್ನು ಒಂದೇ ದಿನದಲ್ಲಿ ಸರ್ಕಾರಿ ದರಕ್ಕೆ ಕ್ಯಾಟ್ ಮಾಡಿಸಬೇಕೆಂದು ಆದೇಶ ಹೊರಡಿಸಿತು. ಹೊರಗೆ ಅದಕ್ಕಿಂತ ಜಾಸ್ತಿ ಸಿಗುತ್ತಿತ್ತಲ್ವಾ? ರಫ್ತುದಾರರು ಸುಮ್ನೆ ನಷ್ಟ ಮಾಡಿಕೊಳ್ಳುತ್ತಾರಾ? ಕೆಲವರು ಮಾಲು ಹಿಡಿದಿಟ್ಟರು, ಕೆಲವರು ರೇಟು ಏರಿಸಿದರು. ನಿಯಮಗಳು ಆಮೇಲೂ ಬದಲಾಗುತ್ತಲೇ ಇದ್ದವು. ಸರಕು ತಡವಾದರೆ ಹೊಣೆ ಯಾರದು ಅಂತ ನಿಮ್ಮ ತಮ್ಮ ಈಗಲೇ ಬರೆಸಿಕೊಳ್ಳಲಿ.

ಮೂರನೇ ಉತ್ತರ: ಒಂದು ಮಾತು ಸೇರಿಸುತ್ತೇನೆ. ಸೇನೆಯ ಹಿಡಿತ ಸಡಿಲವಾದ ಥಾಯ್ಲೆಂಡ್ ಗಡಿಯಲ್ಲಿ, ಮ್ಯಾವಡ್ಡಿ ಊರಿನ ಕಡೆ, ಆನ್‌ಲೈನ್ ವಂಚನೆಯ ಅಡ್ಡೆಗಳು ಬೆಳೆದಿವೆ. ಥಾಯ್ಲೆಂಡ್‌ನಲ್ಲಿ ಕೆಲಸ ಅಂತ ಕರೆದು ಅಲ್ಲಿಗೆ ಸಾಗಿಸುತ್ತಾರೆ. 2025ರ ಮಾರ್ಚ್‌ನಲ್ಲಿ ಅಲ್ಲಿಂದ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆ ವಿಮಾನದಲ್ಲಿ ವಾಪಸ್ ಕರೆತಂದರು. ಟಿಕೆಟ್ ನೇರ ಯಾಂಗೂನ್‌ಗೇ ಇದೆಯಾ, ವೀಸಾ ಯಾವುದು ಅಂತ ನೋಡಿ. ಹೊರಡುವ ಮುಂಚೆ ಯಾಂಗೂನ್‌ನ ನಮ್ಮ ರಾಯಭಾರ ಕಚೇರಿಗೆ ಕಂಪನಿ ಹೆಸರು ಬರೆದು ವಿಚಾರಿಸಿ.