ಅಮ್ಮನ ಬಿಪಿ ಇಳಿಸಲು ಮನೆಯಲ್ಲೇ ಏನು ಮಾಡಬಹುದು?

ಪ್ರಶ್ನೆ: ಅಮ್ಮನಿಗೆ 52 ವರ್ಷ. ಎರಡು ಸಲ ನೋಡಿಸಿದಾಗಲೂ ಬಿಪಿ 150/94ರ ಆಸುಪಾಸಿನಲ್ಲಿತ್ತು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇಲ್ಲ. ಮೂರು ತಿಂಗಳು ಊಟ, ನಡಿಗೆ ಸರಿಮಾಡಿಕೊಂಡು ಬನ್ನಿ, ಆಮೇಲೆ ಮಾತ್ರೆಯ ವಿಚಾರ ನೋಡೋಣ ಎಂದಿದ್ದಾರೆ ವೈದ್ಯರು. ನಿಮ್ಮ ಮನೆಗಳಲ್ಲಿ ಯಾವುದು ಕೈಹಿಡಿಯಿತು, ದಯವಿಟ್ಟು ತಿಳಿಸಿ.

ಉತ್ತರ 1: ನಮ್ಮ ಅತ್ತೆಯವರಿಗೆ ಕೈಹಿಡಿದದ್ದು ಉಪ್ಪಿನ ಹತೋಟಿ. ದಿನಕ್ಕೆ 5 ಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳಗಿನ ಉಪ್ಪಿಟ್ಟಿನಿಂದ ರಾತ್ರಿಯ ಮಜ್ಜಿಗೆಯವರೆಗೆ ಎಲ್ಲ ಸೇರಿ ಒಂದು ಟೀ ಚಮಚದಷ್ಟು! ಸಾರಿನ ಉಪ್ಪನ್ನು ಎಲ್ಲರೂ ಗಮನಿಸುತ್ತಾರೆ, ನೆಂಚಿಕೊಳ್ಳುವುದು ಲೆಕ್ಕಕ್ಕೇ ಬರುವುದಿಲ್ಲ. ಮಿಡಿ ಉಪ್ಪಿನಕಾಯಿ ಉಪ್ಪುನೀರಿನಲ್ಲೇ ಮುಳುಗಿರುತ್ತದೆ. ಬಾಳಕದ ಮೆಣಸಿನಕಾಯಿಯನ್ನು ಉಪ್ಪು ಬೆರೆಸಿದ ಮಜ್ಜಿಗೆಯಲ್ಲಿ ನೆನೆಸುತ್ತೇವೆ, ಬಿಸಿಲಿಗೆ ಹಾಕುತ್ತೇವೆ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕುತ್ತೇವೆ, ಮಜ್ಜಿಗೆಯೆಲ್ಲ ಇಂಗುವವರೆಗೂ. ಹಪ್ಪಳದಲ್ಲಿ ಉಪ್ಪಿನ ಜೊತೆ ಸೋಡಾದ ಸೋಡಿಯಂ ಕೂಡ ಇರುತ್ತದೆ. ಇವಿಷ್ಟನ್ನೂ ಹಬ್ಬದ ದಿನಕ್ಕೆ ಮೀಸಲಿಟ್ಟೆವು. ಪಲ್ಯಕ್ಕೆ ಉಪ್ಪು ಇಳಿಸಿ, ನಿಂಬೆರಸ ಮತ್ತು ಇಂಗಿನ ಒಗ್ಗರಣೆ ಹೆಚ್ಚಿಸಿದೆವು. ಮೊದಮೊದಲು ಸಪ್ಪೆ ಎಂದು ಗೊಣಗುತ್ತಿದ್ದವರಿಗೆ ಈಗ ಹೋಟೆಲಿನ ಸಾಂಬಾರೇ ಉಪ್ಪುಪ್ಪು. ಸೈಂಧವ ಲವಣವೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್; ಅದನ್ನು ಔಷಧಿಯೆಂದು ಧಾರಾಳವಾಗಿ ಬಳಸಬೇಡಿ.

ಉತ್ತರ 2: ಮನೆಯಲ್ಲಿ ಬಿಪಿ ನೋಡುವ ಕ್ರಮವನ್ನೂ ಅಮ್ಮನಿಗೆ ಕಲಿಸಿ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಬೇಕು. ಬೆನ್ನಿಗೆ ಆಸರೆಯಿಟ್ಟು, ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ಪಟ್ಟಿ ಕಟ್ಟಿ, ತೋಳು ಎದೆಯ ಮಟ್ಟಕ್ಕಿರಲಿ. ನೋಡುವಾಗ ಮಾತು ಬೇಡ. ತಾರೀಖು ಹಾಕಿ ಬರೆದಿಟ್ಟ ಅಂಕಿಗಳು ವೈದ್ಯರಿಗೆ ತುಂಬಾ ಉಪಯೋಗ.

ಉತ್ತರ 3: ನನಗೆ ಫಲ ಕೊಟ್ಟದ್ದು ಬಿರುಸಿನ ನಡಿಗೆ, ವಾರಕ್ಕೆ ಒಟ್ಟು 150 ನಿಮಿಷ. ತೂಕ ಇಳಿದಂತೆ ಬಿಪಿಯೂ ಇಳಿಯಿತು. ಜೊತೆಗೆ ಸೊಪ್ಪಿನ ಬಸ್ಸಾರು, ಬಾಳೆಹಣ್ಣು, ಕಾಳುಗಳು: ಇವುಗಳ ಪೊಟ್ಯಾಶಿಯಂ ಸೋಡಿಯಂನ ಪರಿಣಾಮವನ್ನು ತಗ್ಗಿಸುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಇದನ್ನು ಹೆಚ್ಚಿಸಬಾರದು. ಇನ್ನೊಂದು, ಅಮ್ಮ ಮಂಡಿನೋವಿಗೆ ಡೈಕ್ಲೋಫೆನಾಕ್‌ನಂಥ ಮಾತ್ರೆ ನುಂಗುತ್ತಿದ್ದಾರೆಯೇ, ಕೆಮ್ಮಿಗೆಂದು ದಿನವೂ ಜೇಷ್ಠಮಧು ಜಗಿಯುತ್ತಾರೆಯೇ ವಿಚಾರಿಸಿ. ಎರಡೂ ಬಿಪಿ ಏರಿಸಬಲ್ಲವು.

ಉತ್ತರ 4: ಸರ್ಪಗಂಧದ ಪುಡಿ ತಂದುಕೊಡುವವರು ನಿಮಗೂ ಸಿಗುತ್ತಾರೆ. ಆ ಬೇರು ಬಿಪಿ ಇಳಿಸುವುದು ನಿಜ, ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲೇ ಅದರ ಬಗ್ಗೆ ಬರೆದರು, ಅದರಿಂದಲೇ ರಿಸರ್ಪಿನ್ ಎಂಬ ಔಷಧಿ ಬಂದಿತು. ಆದರೆ ಅದು ನಾಡಿಬಡಿತವನ್ನು ನಿಧಾನಗೊಳಿಸಬಲ್ಲದು, ಮನಸ್ಸನ್ನು ಖಿನ್ನತೆಗೆ ತಳ್ಳಬಲ್ಲದು. ಅಳತೆಯಿಲ್ಲದ ಪುಡಿಯನ್ನು ದಯವಿಟ್ಟು ಕೊಡಬೇಡಿ. ಮೂರು ತಿಂಗಳ ನಂತರ ಮಾತ್ರೆ ಬೇಕೆಂದರೆ ಹಿಂಜರಿಯದೆ ಶುರುಮಾಡಿ, ಊಟದ ಪಥ್ಯವನ್ನೂ ಬಿಡಬೇಡಿ. ಈ ಮಧ್ಯೆ ಬಿಪಿ 180/120 ಮುಟ್ಟಿ, ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಕಂಡರೆ ಆ ಕ್ಷಣವೇ 108ಕ್ಕೆ ಕರೆ ಮಾಡಿ.