ಬಳಕೆದಾರರ ಉದಾಹರಣೆ ಕೋಡ್‌ನಿಂದ ಪರೀಕ್ಷೆ ಬರೆಯುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿಯ ಪುಟಗಳ ಕೆಳಗೆ ಬಳಕೆದಾರರು ಬರೆದ ಟಿಪ್ಪಣಿಗಳಲ್ಲಿ ರಾಶಿ ಕೋಡ್ ತುಣುಕುಗಳಿವೆ. ಒಂದು ಸ್ಕ್ರಿಪ್ಟ್ ಬರೆದು ಅವನ್ನು ಎತ್ತಿಕೊಂಡೆ, ಓಡಿಸಿದೆ, ಬಂದ ಔಟ್‌ಪುಟ್ಟನ್ನೇ ನಿರೀಕ್ಷಿತ ಉತ್ತರವೆಂದು ಉಳಿಸಿದೆ. ಒಂದೇ ರಾತ್ರಿಯಲ್ಲಿ 400 ಪರೀಕ್ಷೆಗಳು, ಎಲ್ಲವೂ ಪಾಸ್! ಇವನ್ನು ಹೀಗೆಯೇ ಪಿಎಚ್‌ಪಿ ತಂಡಕ್ಕೆ ಕಳುಹಿಸಬಹುದೇ?

ಉತ್ತರ: ಪಾಸಾಗದೆ ಇನ್ನೇನಾಗುತ್ತದೆ? ಉತ್ತರ ಬರೆದವನ ಕೈಯಲ್ಲೇ ಮೌಲ್ಯಮಾಪನವನ್ನೂ ಮಾಡಿಸಿದ್ದೀರಿ. ಪಿಎಚ್‌ಪಿಯಲ್ಲಿ ದೋಷವಿದ್ದರೆ ನಿಮ್ಮ ಪರೀಕ್ಷೆ ಆ ದೋಷವನ್ನೇ ಸರಿ ಎಂದು ಕಾಯುತ್ತಾ ಕೂರುತ್ತದೆ. ನಿರೀಕ್ಷಿತ ಉತ್ತರ ಬರಬೇಕಾದದ್ದು ಕೈಪಿಡಿಯ ಮಾತಿನಿಂದ.

ಇನ್ನೊಂದು ಮಾತು, ಸ್ವಲ್ಪ ಗದರಿಕೆಯೇ ಎಂದುಕೊಳ್ಳಿ: ಅಪರಿಚಿತರ ಕೋಡನ್ನು ನಿಮ್ಮ ಸ್ವಂತ ಗಣಕದಲ್ಲಿ ನೇರವಾಗಿ ಓಡಿಸಿದಿರಾ? ಫೈಲ್ ಅಳಿಸುವ ಸಾಲು ಯಾವ ತುಣುಕಿನಲ್ಲಿದೆಯೋ ಯಾರಿಗೆ ಗೊತ್ತು. ನೆಟ್‌ವರ್ಕ್ ಇಲ್ಲದ ಕಂಟೇನರ್ (ಗಣಕದ ಉಳಿದ ಭಾಗದಿಂದ ಬೇರ್ಪಡಿಸಿದ ಆವರಣ) ಒಳಗೆ ಓಡಿಸಿ.

ಪ್ರಶ್ನೆ: ಕಂಟೇನರ್ ಮಾಡಿಕೊಂಡೆ ಮೇಡಂ. ಆದರೆ ಒಂದು ಟಿಪ್ಪಣಿಯಲ್ಲಿ 0.1 ಮತ್ತು 0.2 ಕೂಡಿಸಿ ವಾರ್‌_ಡಂಪ್ (ಬೆಲೆಯನ್ನು ಅದರ ಬಗೆಯೊಂದಿಗೆ ತೋರಿಸುವ ಫಂಕ್ಷನ್) ಮಾಡಿದರೆ 0.3 ಬರುತ್ತದೆ ಎಂದಿದೆ. ನನಗೆ 0.30000000000000004 ಬರುತ್ತಿದೆ. ತಪ್ಪು ಯಾರದು?

ಉತ್ತರ: ಯಾರದೂ ಅಲ್ಲ. ಆ ಟಿಪ್ಪಣಿ ಹಳೆಯದಿರಬೇಕು. ಪಿಎಚ್‌ಪಿಯ 7.1ರ ಆವೃತ್ತಿಯಿಂದ ವಾರ್‌_ಡಂಪ್ ದಶಮಾಂಶ ಸಂಖ್ಯೆಯನ್ನು ಪೂರ್ತಿ ತೋರಿಸುತ್ತದೆ; ಎಕೋ (ಸಾದಾ ಮುದ್ರಣದ ಆಜ್ಞೆ) ಈಗಲೂ ದುಂಡಾಗಿಸಿ 0.3 ಎಂದೇ ಮುದ್ರಿಸುತ್ತದೆ. ಆದ್ದರಿಂದ ತುಣುಕಿಗಿಂತ ಮೊದಲು ಅದನ್ನು ಬರೆದ ದಿನಾಂಕ ನೋಡಿ. ಸೊನ್ನೆಯನ್ನು ಅಕ್ಷರಗಳ ಸ್ಟ್ರಿಂಗ್ ಜೊತೆ ಹೋಲಿಸಿದರೆ ಸಮ ಎಂದು ಬರುತ್ತಿದ್ದದ್ದು 8.0ರಲ್ಲಿ ನಿಂತಿತು. ಸಮಾನ ಅಂಶಗಳ ಮೂಲ ಕ್ರಮವನ್ನು ವಿಂಗಡಿಸುವ ಸಾರ್ಟ್ ಫಂಕ್ಷನ್ ಉಳಿಸಿಕೊಳ್ಳತೊಡಗಿದ್ದೂ ಅಲ್ಲಿಂದಲೇ. ಪಟ್ಟಿಯ ಅಂಶಗಳನ್ನು ಒಂದೊಂದಾಗಿ ಕೊಡುತ್ತಿದ್ದ ಈಚ್ ಫಂಕ್ಷನ್ ಬಳಸಿದ ತುಣುಕುಗಳನ್ನು ಬದಿಗಿಡಿ, 8.0ರಲ್ಲಿ ಅದನ್ನೇ ತೆಗೆದುಹಾಕಿದ್ದಾರೆ.

ಹಾಗೆಂದು ಹೊಂದಿಕೆಯಾಗದ ತುಣುಕನ್ನು ಕೂಡಲೇ ಎಸೆಯಬೇಡಿ. ಟಿಪ್ಪಣಿ ಒಂದು ಹೇಳಿ, ಯಂತ್ರ ಇನ್ನೊಂದು ಹೇಳಿ, ಆವೃತ್ತಿಯ ಬದಲಾವಣೆಯೂ ಕಾರಣವಲ್ಲವಾದರೆ ನಿಜವಾದ ದೋಷ ಸಿಗುವುದು ಅಲ್ಲಿಯೇ. ನನಗೆ ಈ ಕೆಲಸದಲ್ಲಿ ರುಚಿ ಇರುವುದೂ ಅದಕ್ಕೇ.

ಇನ್ನೊಬ್ಬ ಸದಸ್ಯರು: ಪೈಥಾನ್‌ನಲ್ಲಿ ಡಾಕ್‌ಟೆಸ್ಟ್ (ದಾಖಲೆಯ ಉದಾಹರಣೆಗಳನ್ನು ಓಡಿಸಿ ಪರೀಕ್ಷಿಸುವ ಸಾಧನ) 2001ರಿಂದಲೇ ಇದೆ. ರಸ್ಟ್‌ನಲ್ಲಿ ಲೈಬ್ರರಿಯ ದಾಖಲೆಯೊಳಗಿನ ಉದಾಹರಣೆಗಳನ್ನು ಕಾರ್ಗೋ ಟೆಸ್ಟ್ ಆಜ್ಞೆ ತಾನೇ ಓಡಿಸುತ್ತದೆ. ಇಲ್ಲಿ ಇಷ್ಟು ಪಾಡೇಕೆ?

ಉತ್ತರ: ಅಲ್ಲಿ ಉದಾಹರಣೆ ಕೋಡ್‌ನ ಜೊತೆಯಲ್ಲೇ ಬಾಳುತ್ತದೆ; ಕೋಡ್ ಬದಲಾಯಿಸಿದವರೇ ಅದನ್ನೂ ತಿದ್ದುತ್ತಾರೆ. ಓದುಗರು ಬರೆದು ಹೋದ ಟಿಪ್ಪಣಿಗೆ ಆ ಭಾಗ್ಯವಿಲ್ಲ.

ಪ್ರಶ್ನೆ: ದಿನಾಂಕ, ಫೈಲ್‌ನ ಹಾದಿ ಮುದ್ರಿಸುವ ತುಣುಕುಗಳು ದಿನಕ್ಕೊಂದು ಉತ್ತರ ಕೊಡುತ್ತವೆ.

ಉತ್ತರ: ಸಮಯಕ್ಕೆ ಸ್ಥಿರ ಟೈಮ್‌ಸ್ಟ್ಯಾಂಪ್ ಕೊಟ್ಟು, ಟೈಮ್‌ಜೋನನ್ನು ಯುಟಿಸಿಗೆ ಕಟ್ಟಿಹಾಕಿ. ಹಾದಿಯಂತಹ ಕಟ್ಟಿಹಾಕಲಾಗದ ಕಡೆ ಮಾತ್ರ ಪಿಎಚ್‌ಪಿಟಿ (ಪಿಎಚ್‌ಪಿಯ ಪರೀಕ್ಷೆ ಬರೆಯುವ) ಫೈಲ್‌ನ ಎಕ್ಸ್‌ಪೆಕ್ಟ್‌ಎಫ್ (ನಿರೀಕ್ಷಿತ ಉತ್ತರದ ಮಾದರಿ ಬರೆಯುವ) ವಿಭಾಗ ಬಳಸಿ. ಅಲ್ಲಿ ಶೇಕಡಾ ಚಿಹ್ನೆಯ ನಂತರ ಡಿ ಹಾಕಿದರೆ ಕೂಡು-ಕಳೆ ಚಿಹ್ನೆಯಿಲ್ಲದ ಯಾವುದೇ ಪೂರ್ಣಾಂಕ, ಎಸ್ ಹಾಕಿದರೆ ಸಾಲಿನೊಳಗಿನ ಯಾವುದೇ ಪಠ್ಯ ಒಪ್ಪಿಗೆಯಾಗುತ್ತದೆ. ಎಸ್ ಅನ್ನು ಎಲ್ಲೆಂದರಲ್ಲಿ ಚೆಲ್ಲಿದರೆ ಜರಡಿಯಲ್ಲಿ ಕಲ್ಲೂ ಇಳಿಯುತ್ತದೆ. ತುಣುಕು ಫೈಲ್ ಸೃಷ್ಟಿಸಿದರೆ ಕ್ಲೀನ್ ವಿಭಾಗದಲ್ಲಿ ಅಳಿಸಿ.

ಪ್ರಶ್ನೆ: ಕೈಪಿಡಿ ಇಟ್ಟುಕೊಂಡು ಒಂದೊಂದನ್ನೇ ನೋಡಿದೆ. 400ರಲ್ಲಿ 31 ಉಳಿದವು. ಅವುಗಳಲ್ಲೂ ಎರಡು ಫೇಲ್ ಆಗುತ್ತಿವೆ. ಆ ಎರಡನ್ನು ತೆಗೆದುಬಿಡಲೇ?

ಉತ್ತರ: ಬೇಡ ಬೇಡ! ರನ್‌-ಟೆಸ್ಟ್ಸ್ (ಪರೀಕ್ಷೆಗಳನ್ನು ಓಡಿಸುವ ಸ್ಕ್ರಿಪ್ಟ್) ಆ ಎರಡಕ್ಕೆ ಡಿಫ್ ಫೈಲ್, ಅಂದರೆ ನಿರೀಕ್ಷಿತ ಉತ್ತರಕ್ಕೂ ಬಂದ ಉತ್ತರಕ್ಕೂ ಇರುವ ವ್ಯತ್ಯಾಸ, ಬರೆದಿಟ್ಟಿರುತ್ತದೆ. ಮೊದಲು ಅವನ್ನು ಇಲ್ಲಿ ಹಾಕಿ.